ಸಹಿ ಆದಮೇಲೆ ಏನಾಗುತ್ತೆ? ಪಶ್ಚಿಮ ಆಫ್ರಿಕಾದ ಗಡಿಯಲ್ಲಿ ನಿಂತ ಲಾರಿಯ ಕತೆ

ಇಯರ್‌ಫೋನ್ ಸರಿಯಾಗಿ ಹಾಕ್ಕೊಳ್ಳಿ, ಇವತ್ತು ಸ್ವಲ್ಪ ದೂರ ಹೋಗೋದಿದೆ. ಪಶ್ಚಿಮ ಆಫ್ರಿಕಾಕ್ಕೆ.

ಮೊದಲು ಒಂದು ಫೋಟೋ ನೆನಪು ಮಾಡ್ಕೊಳ್ಳಿ. ಉದ್ದನೆಯ ಮೇಜು, ಮೇಲೆ ಎರಡು ಪುಟ್ಟ ಬಾವುಟ, ಸೂಟು ಹಾಕಿದ ಇಬ್ಬರು ಫೈಲು ಅದಲುಬದಲು ಮಾಡಿಕೊಳ್ತಾ ಕ್ಯಾಮೆರಾ ಕಡೆ ನೋಡಿ ನಗ್ತಿರ್ತಾರೆ. ಕೆಳಗೆ ‘ಸಹಕಾರ ಒಪ್ಪಂದಕ್ಕೆ ಸಹಿ’ ಅಂತ ಒಂದು ಸಾಲು. ನೀವು ಒಂದು ಸೆಕೆಂಡು ನೋಡಿ ಮೇಲಕ್ಕೆ ತಳ್ಳಿರ್ತೀರಿ. ನಾನೂ ಅಷ್ಟೇ. ಆಫ್ರಿಕಾದಲ್ಲಿ ಇಂಥ ಫೋಟೋಗಳ ರಾಶಿಯೇ ಇದೆ. ಒಂದು ಕಡೆ ವಿಶ್ವಸಂಸ್ಥೆಯ ಯಾವುದೋ ಅಂಗ, ಇಲ್ಲಾಂದ್ರೆ ವಿಶ್ವಬ್ಯಾಂಕ್, ಇಲ್ಲಾಂದ್ರೆ ಐರೋಪ್ಯ ಒಕ್ಕೂಟ. ಇನ್ನೊಂದು ಕಡೆ ಅಲ್ಲಿನ ಹತ್ತು–ಹದಿನೈದು ದೇಶಗಳು ಸೇರಿ ಕಟ್ಟಿಕೊಂಡ ಆರ್ಥಿಕ ಒಕ್ಕೂಟ.

ನನ್ನ ಪ್ರಶ್ನೆ ಇಷ್ಟೇ. ಸಹಿ ಆದಮೇಲೆ ಏನಾಗುತ್ತೆ? ಈರುಳ್ಳಿ ತುಂಬಿದ ಲಾರಿಯನ್ನ ಗಡಿಯಲ್ಲಿ ನಿಲ್ಲಿಸ್ಕೊಂಡು ಕೂತಿರೋ ಡ್ರೈವರ್‌ಗೆ ಆ ಫೈಲಿನಿಂದ ಏನಾದ್ರೂ ಸಿಗುತ್ತಾ?

ನಾನು ಬಿ.ಕಾಂ ಓದಿದವನು. ನಮಗೆ ‘ಪ್ರಾದೇಶಿಕ ವ್ಯಾಪಾರ ಒಕ್ಕೂಟಗಳು’ ಅಂತ ಒಂದು ಟಾಪಿಕ್ ಇತ್ತು. ಐರೋಪ್ಯ ಒಕ್ಕೂಟ, ಆಸಿಯಾನ್, ನಾಫ್ಟಾ, ಸಾರ್ಕ್ ಅಂತ ಬರೆದ್ರೆ ಮಾರ್ಕ್ಸ್ ಬರ್ತಿತ್ತು. ಆಫ್ರಿಕಾದ ಹೆಸರೇ ಇರಲಿಲ್ಲ. ಅಲ್ಲಿ ಆಫ್ರಿಕಾ ಒಕ್ಕೂಟ ಅಧಿಕೃತವಾಗಿ ಮಾನ್ಯ ಮಾಡಿರುವ ಪ್ರಾದೇಶಿಕ ಆರ್ಥಿಕ ಸಮುದಾಯಗಳೇ ಎಂಟು ಇವೆ. ಒಂದೇ ದೇಶ ಎರಡು, ಮೂರು, ನಾಲ್ಕರಲ್ಲಿ ಇರೋದು ಮಾಮೂಲಿ. ಕೀನ್ಯಾ ನಾಲ್ಕರಲ್ಲಿದೆ. ನಮ್ಮ ಕಡೆ ಒಬ್ಬರೇ ಆಫೀಸಲ್ಲೊಂದು, ಬೀದಿಯಲ್ಲೊಂದು, ಸಂಬಂಧಿಕರಲ್ಲೊಂದು ಚೀಟಿ ಹಾಕಿರ್ತಾರಲ್ಲ, ಹಾಗೆ. ಎಲ್ಲದಕ್ಕೂ ಕಂತು ಕಟ್ಟಬೇಕು, ಎಲ್ಲದರ ಮೀಟಿಂಗಿಗೂ ಹೋಗಬೇಕು, ಒಂದರ ನಿಯಮ ಇನ್ನೊಂದಕ್ಕೆ ಹೊಂದಲ್ಲ.

ಈ ಎಂಟರಲ್ಲಿ ಇವತ್ತು ಒಂದನ್ನೇ ಹಿಡ್ಕೊಳ್ತೀನಿ. ಇಕೋವಾಸ್. ಅಂದ್ರೆ ಪಶ್ಚಿಮ ಆಫ್ರಿಕಾ ದೇಶಗಳ ಆರ್ಥಿಕ ಸಮುದಾಯ. 1975ರ ಮೇ 28ರಂದು ನೈಜೀರಿಯಾದ ಲಾಗೋಸ್‌ನಲ್ಲಿ ಹದಿನೈದು ದೇಶಗಳು ಸಹಿ ಹಾಕಿ ಹುಟ್ಟಿಸಿದ್ದು.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೇಳ್ತೀರಿ. ಮಂಗಳೂರು, ಕುಂದಾಪುರ ಕಡೆಯವರು ಕೇಳಲ್ಲ ಬಿಡಿ, ಅವರಿಗೆ ಗೊತ್ತು. ಅಲ್ಲಿನ ಗೇರುಬೀಜ ಕಾರ್ಖಾನೆಗಳಿಗೆ ನಮ್ಮ ಕರಾವಳಿಯ ಬೆಳೆ ಸಾಲೋದಿಲ್ಲ. ಕಚ್ಚಾ ಗೇರುಬೀಜ ಹಡಗಿನಲ್ಲಿ ಆಫ್ರಿಕಾದಿಂದ ಬರುತ್ತೆ. ಐವರಿ ಕೋಸ್ಟ್, ಘಾನಾ, ಗಿನಿ-ಬಿಸಾವು, ಮುಂತಾದ ಕಡೆಗಳಿಂದ. ಬೆನಿನ್‌ನಿಂದಲೂ ಬರ್ತಿತ್ತು. 2024ರ ಏಪ್ರಿಲ್‌ನಿಂದ ಬೆನಿನ್ ಸರ್ಕಾರ ಕಚ್ಚಾ ಬೀಜದ ರಫ್ತನ್ನೇ ನಿಷೇಧಿಸಿತು, ನಾವೇ ಒಡೆದು ತಿರುಳು ಮಾಡಿ ಮಾರ್ತೀವಿ ಅಂತ. ಆ ಒಂದು ತೀರ್ಮಾನ ನಮ್ಮ ಕಾರ್ಖಾನೆಗಳ ಲೆಕ್ಕದ ಪುಸ್ತಕಕ್ಕೂ ಮುಟ್ಟುತ್ತೆ.

ಇನ್ನೊಂದು ಮಜಾ ಕೇಳಿ. ಸಿಪ್ಪೆ ಸಹಿತ ಗೇರುಬೀಜಕ್ಕೆ ಒಂದು ಆರಂಕಿ ಕೋಡ್ ಇದೆ: 080131. ಸಿಪ್ಪೆ ತೆಗೆದದ್ದಕ್ಕೆ 080132. ಆಬಿಜಾನ್ ಬಂದರಿನ ಗುಮಾಸ್ತ ಬರೆಯೋದೂ ಅದೇ, ಪಣಂಬೂರಿನ ನವಮಂಗಳೂರು ಬಂದರಿನ ಬಿಲ್ ಆಫ್ ಎಂಟ್ರಿಯಲ್ಲಿ ಬರೋದೂ ಅದೇ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಕಸ್ಟಮ್ಸ್ ಸಂಸ್ಥೆಯ ಕೋಡ್ ಪಟ್ಟಿ ಅದು, 1988ರಿಂದ ಜಾರಿಯಲ್ಲಿದೆ. ಎಲ್ಲರೂ ಒಂದು ಹೆಸರನ್ನ ಒಪ್ಕೊಂಡ್ರು, ಅಷ್ಟೇ. ಅಂತರರಾಷ್ಟ್ರೀಯ ಸಹಕಾರ ಅಂದ್ರೆ ನನಗೆ ಮೊದಲು ಕಾಣೋದು ಇಂಥ ಆರಂಕಿ. ಬಾವುಟ ಆಮೇಲೆ.

ಈಗ 1981ಕ್ಕೆ ಬನ್ನಿ. ಇಕೋವಾಸ್ ಹುಟ್ಟಿ ಆರು ವರ್ಷ. ಒಕ್ಕೂಟದೊಳಗೆ ತೆರಿಗೆ ಇಳಿಸೋಣ, ವ್ಯಾಪಾರ ಹೆಚ್ಚಿಸೋಣ ಅನ್ನೋ ಮಾತು ಜೋರಾಗಿದೆ. ಆದರೆ ಯಾರು ಯಾರಿಗೆ ಎಷ್ಟು ಮಾರ್ತಿದ್ದಾರೆ ಅನ್ನೋ ಲೆಕ್ಕ ಬೇಕಲ್ಲ? ಕೆಲವು ದೇಶಗಳು ಇಂಗ್ಲಿಷಲ್ಲಿ ಬರೆಯೋವು, ಕೆಲವು ಫ್ರೆಂಚಲ್ಲಿ, ಎರಡು ಪೋರ್ಚುಗೀಸಲ್ಲಿ. ವಸಾಹತು ಬಿಟ್ಟುಹೋದ ಫಾರಂಗಳು ಒಂದೊಂದು ದೇಶದಲ್ಲಿ ಒಂದೊಂದು ಥರ. ಲೆಕ್ಕ ಇಲ್ಲದೆ ತೆರಿಗೆ ಇಳಿಸಿದ್ರೆ ಯಾರಿಗೆ ಎಷ್ಟು ನಷ್ಟ ಅಂತ ಹೇಳೋರ್ಯಾರು?

ಆಗ ಇಕೋವಾಸ್ ಸಚಿವಾಲಯ ಜಿನೀವಾದಲ್ಲಿದ್ದ ಅಂಕ್ಟಾಡ್‌ಗೆ, ಅಂದ್ರೆ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆಗೆ, ಒಂದು ಮನವಿ ಮಾಡ್ತು. ನಮ್ಮ ಸದಸ್ಯ ದೇಶಗಳ ವಿದೇಶಿ ವ್ಯಾಪಾರದ ಅಂಕಿಅಂಶ ಒಟ್ಟು ಮಾಡೋದಕ್ಕೆ ಸಹಾಯ ಮಾಡಿ ಅಂತ. ಇಷ್ಟೇ. ಭಾರೀ ಕನಸೇನಲ್ಲ, ಗುಮಾಸ್ತಿಕೆಯ ಕೆಲಸ.

ಆದರೆ ಅಂಕಿಅಂಶ ಹುಟ್ಟೋದು ಎಲ್ಲಿ? ಕಸ್ಟಮ್ಸ್ ಕಟ್ಟೆಯಲ್ಲಿ. ಅಲ್ಲಿನ ಕಾಗದ ಸರಿಯಿಲ್ಲದೆ ರಾಜಧಾನಿಯಲ್ಲಿ ಕೂತು ಕೂಡಿ ಕಳೆದು ಪ್ರಯೋಜನ ಇಲ್ಲ. ಹಾಗಾಗಿ ಲೆಕ್ಕ ಹಾಕೋ ಕೆಲಸ ಕಸ್ಟಮ್ಸ್ ಕಚೇರಿಯನ್ನೇ ಕಂಪ್ಯೂಟರೀಕರಿಸುವ ಕೆಲಸವಾಯ್ತು. ಆ ಸಾಫ್ಟ್‌ವೇರ್‌ನ ಹೆಸರು ಅಸಿಕುಡಾ. ಫ್ರೆಂಚ್ ಮಾತಾಡೋ ದೇಶಗಳಲ್ಲಿ ಸಿಡೋನಿಯಾ ಅಂತಾರೆ. ಸರಕಿನ ಘೋಷಣೆ, ತೆರಿಗೆ ಲೆಕ್ಕ, ಯಾವ ಪೆಟ್ಟಿಗೆ ತೆರೆದು ನೋಡಬೇಕು ಯಾವುದನ್ನ ಹಾಗೇ ಬಿಡಬಹುದು ಅನ್ನೋ ವಿಂಗಡಣೆ, ಎಲ್ಲ ಅದರೊಳಗೆ ಬಂತು.

ಇವತ್ತು ಜಗತ್ತಿನ 100ಕ್ಕೂ ಹೆಚ್ಚು ದೇಶ ಮತ್ತು ಪ್ರಾಂತ್ಯಗಳು ಅದನ್ನ ಬಳಸಿವೆ. ನಮ್ಮ ಅಕ್ಕಪಕ್ಕದ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ ಕೂಡ. ನಮ್ಮ ದೇಶಕ್ಕೆ ನಮ್ಮದೇ ವ್ಯವಸ್ಥೆ ಇದೆ, ಐಸ್‌ಗೇಟ್. ಆದರೆ ಕೊಲಂಬೊ ಬಂದರಲ್ಲಿ ಓಡ್ತಿರೋ ಕಸ್ಟಮ್ಸ್ ವ್ಯವಸ್ಥೆಯ ಬೇರು ಪಶ್ಚಿಮ ಆಫ್ರಿಕಾದ ಒಂದು ಒಕ್ಕೂಟ ಕೇಳಿದ ಸಹಾಯದಲ್ಲಿದೆ. ‘ಜಗತ್ತು ಆಫ್ರಿಕಾಕ್ಕೆ ಸಹಾಯ ಮಾಡುತ್ತೆ’ ಅಂತಲೇ ಕೇಳಿ ಬೆಳೆದಿರ್ತೀವಿ. ಈ ಕತೆಯಲ್ಲಿ ಸಮಸ್ಯೆ ಏನು ಅಂತ ಸರಿಯಾಗಿ ಗುರುತಿಸಿ ಕೇಳಿದವರು ಅವರು. ಉಪಯೋಗ ಆಗಿದ್ದು ಎಲ್ಲರಿಗೂ.

ಸರಿ, ಕಂಪ್ಯೂಟರ್ ಬಂತು. ಲಾರಿ ಬೇಗ ಹೋಗುತ್ತಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಬುರ್ಕಿನಾ ಫಾಸೊ, ಮಾಲಿ, ನೈಜರ್ ಮೂರಕ್ಕೂ ಸಮುದ್ರ ಇಲ್ಲ. ಅಕ್ಕಿ, ಸಿಮೆಂಟು, ಔಷಧ, ಏನೇ ಬರಬೇಕಾದ್ರೂ ಪಕ್ಕದ ದೇಶದ ಬಂದರಿಗೆ ಬಂದು, ಅಲ್ಲಿಂದ ರಸ್ತೆಯಲ್ಲೋ ರೈಲಲ್ಲೋ ನೂರಾರು ಮೈಲಿ ಹೋಗಬೇಕು. ಬಂದರು ಇರೋ ದೇಶಕ್ಕೆ ಒಂದು ಭಯ: ‘ನೈಜರ್‌ಗೆ ಹೋಗ್ತಿದೆ’ ಅಂತ ತೆರಿಗೆ ಕಟ್ಟದೆ ಹೊರಟ ಸರಕು ನಮ್ಮ ಊರಲ್ಲೇ ಇಳಿದು ಮಾರಾಟ ಆಗಿಬಿಟ್ರೆ? ಈ ಭಯ ಸುಳ್ಳಲ್ಲ, ಹಾಗೆ ಆಗೋದುಂಟು. ಅದಕ್ಕೇ ಗ್ಯಾರಂಟಿ ಹಣ, ಸೀಲು, ಜೊತೆಗೆ ಬೆಂಗಾವಲು. ಲಾರಿಗಳನ್ನ ಗುಂಪು ಕಟ್ಟಿ ಕಳಿಸೋದು. ಗುಂಪು ತುಂಬೋವರೆಗೂ ಕಾಯಿ.

ಇದಕ್ಕೆ ಪರಿಹಾರ 1982ರಲ್ಲೇ ಬರೆದಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಕೊಟೊನುವಿನಲ್ಲಿ ಇಕೋವಾಸ್ ದೇಶಗಳು ಅಂತರ-ದೇಶ ರಸ್ತೆ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದವು. ಬಂದರಿನಿಂದ ಕೊನೆಯ ಊರಿನವರೆಗೆ ಒಂದೇ ದಾಖಲೆ, ಒಂದೇ ಗ್ಯಾರಂಟಿ. ಓದಿದ್ರೆ ತುಂಬಾ ಚೆನ್ನಾಗಿದೆ. ಆದರೆ ಆಚರಣೆಯಲ್ಲಿ ದಶಕಗಳ ಕಾಲ ಪ್ರತಿ ಗಡಿಯಲ್ಲೂ ಹೊಸ ಘೋಷಣೆ, ಹೊಸ ಗ್ಯಾರಂಟಿ. ಯಾಕಂದ್ರೆ ಆ ಗ್ಯಾರಂಟಿ ವಸೂಲಿಯಿಂದ ಪ್ರತಿ ದೇಶದಲ್ಲೂ ಯಾರೋ ಒಬ್ಬರಿಗೆ ಆದಾಯ. ಬಂದರಿನ ಲೋಡ್ ಹಂಚಿಕೆಯೂ ಹೀಗೇ. ಒಳನಾಡಿನ ದೇಶದ ಲಾರಿಗಳಿಗೆ ಮೂರರಲ್ಲಿ ಎರಡು ಪಾಲು, ಬಂದರು ದೇಶದವರಿಗೆ ಒಂದು ಪಾಲು ಅಂತ ದೇಶ-ದೇಶಗಳ ನಡುವೆ ಒಪ್ಪಂದ. ಜೊತೆಗೆ ಸರದಿ ಪದ್ಧತಿ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನ ಹಾಗೆ, ಗಾಡಿ ಹಳೇದೋ ಹೊಸದೋ, ನಿನ್ನ ಸರದಿ ಬಂದಾಗ ನಿನಗೆ ಲೋಡು. ಬಡ ಲಾರಿ ಮಾಲೀಕನಿಗೆ ಅದೊಂದು ರಕ್ಷಣೆ ನಿಜ. ಆದರೆ ಹೊಸ ಲಾರಿ ಕೊಂಡವನಿಗೂ ಗುಜರಿ ಲಾರಿಯವನಿಗೂ ಒಂದೇ ಬೆಲೆ ಅಂದ್ರೆ ಯಾರು ಹೊಸದು ಕೊಳ್ತಾರೆ? ಯಾವ ಸಾಫ್ಟ್‌ವೇರೂ ಇದನ್ನ ಬಿಡಿಸಲ್ಲ.

ಇನ್ನು ರಸ್ತೆ. ಪೊಲೀಸ್, ಕಸ್ಟಮ್ಸ್, ಸಶಸ್ತ್ರ ಪಡೆ, ಎಲ್ಲರ ಚೆಕ್‌ಪೋಸ್ಟ್‌ಗಳು. ನಿಲ್ಲಿಸೋದು, ಕಾಗದ ಕೇಳೋದು, ಕಾಗದ ಸರಿಯಿದ್ರೂ ಕೈ ಚಾಚೋದು. ಇದರ ವಿರುದ್ಧ 2000ದ ದಶಕದ ಮಧ್ಯದಲ್ಲಿ ಒಂದು ಒಳ್ಳೇ ಕೆಲಸ ಶುರುವಾಯ್ತು. ಪಶ್ಚಿಮ ಆಫ್ರಿಕಾದಲ್ಲೇ ಇನ್ನೊಂದು ಚಿಕ್ಕ ಒಕ್ಕೂಟ ಇದೆ, ಸಿಎಫ್‌ಎ ಫ್ರಾಂಕ್ ಎಂಬ ಒಂದೇ ನಾಣ್ಯ ಬಳಸುವ ಎಂಟು ದೇಶಗಳ ಉಯೆಮೊವಾ. ಅದೂ ಇಕೋವಾಸೂ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಬೆಂಬಲದ ಜೊತೆಗೆ ರಸ್ತೆ ವೀಕ್ಷಣಾ ಯೋಜನೆಯೊಂದನ್ನ ನಡೆಸಿದವು. ವಿಧಾನ ತುಂಬಾ ಸರಳ. ಕಾಗದಪತ್ರ ಎಲ್ಲ ಸರಿಯಾಗಿರೋ ಡ್ರೈವರ್‌ಗಳಿಗೆ ಒಂದು ಫಾರಂ ಕೊಡೋದು. ಎಲ್ಲಿ ನಿಲ್ಲಿಸಿದ್ರು, ಯಾರು ನಿಲ್ಲಿಸಿದ್ರು, ಎಷ್ಟು ಹೊತ್ತು, ಎಷ್ಟು ದುಡ್ಡು ಕೇಳಿದ್ರು, ಬರ್ಕೊಂಡು ಬಾ. ಅದನ್ನೆಲ್ಲ ಸೇರಿಸಿ 100 ಕಿಲೋಮೀಟರಿಗೆ ಇಷ್ಟು ತಡೆ, ಇಷ್ಟು ಲಂಚ, ಇಷ್ಟು ನಿಮಿಷ ಅಂತ ದೇಶವಾರು ಪಟ್ಟಿ ಮಾಡಿ ಪ್ರಕಟಿಸಿದ್ರು.

ನನಗೆ ಇದು ತುಂಬಾ ಇಷ್ಟ. ‘ಅಲ್ಲಿ ಲಂಚ ಇದೆ’ ಅಂತ ಎಲ್ಲರಿಗೂ ಗೊತ್ತು, ಗೊತ್ತಿದ್ದಕ್ಕೆ ಯಾರಿಗೂ ನಾಚಿಕೆ ಆಗಲ್ಲ. ಆದರೆ ಪಕ್ಕದ ದೇಶದ ಜೊತೆ ಒಂದೇ ಪಟ್ಟಿಯಲ್ಲಿ, ಅಂಕಿ ಸಮೇತ, ಮೂರು ತಿಂಗಳಿಗೊಮ್ಮೆ ಹೆಸರು ಬಂದ್ರೆ ಮಂತ್ರಿಗೂ ಸ್ವಲ್ಪ ಬಿಸಿ ತಟ್ಟುತ್ತೆ. ಒಂದು ವಿದೇಶಿ ಸಂಸ್ಥೆ ಒಬ್ಬಂಟಿಯಾಗಿ ಮಾಡಿದ್ರೆ ‘ಹೊರಗಿನವರ ದೂರು’ ಅನ್ನಬಹುದಿತ್ತು. ಒಕ್ಕೂಟದ ಮೊಹರು ಇದ್ದಿದ್ದರಿಂದ ಹಾಗನ್ನೋಕೆ ಆಗಲಿಲ್ಲ.

ಆಮೇಲೆ, 2010ರ ದಶಕದ ಕೊನೆಯ ಹೊತ್ತಿಗೆ, ಸಿಗ್‌ಮಾಟ್ ಬಂತು. ಒಂದು ದೇಶದ ಕಸ್ಟಮ್ಸ್ ಕಂಪ್ಯೂಟರು ಇನ್ನೊಂದು ದೇಶದ ಕಸ್ಟಮ್ಸ್ ಕಂಪ್ಯೂಟರಿಗೆ ನೇರವಾಗಿ ಮಾತಾಡುವ ವ್ಯವಸ್ಥೆ. ಆಬಿಜಾನ್‌ನಲ್ಲಿ ಲಾರಿ ಹೊರಟ ಕೂಡಲೇ ಅದರ ವಿವರ ಮುಂದಿನ ದೇಶದ ಅಧಿಕಾರಿಯ ಪರದೆಗೆ ಹೋಗುತ್ತೆ. ಗಡಿಯಲ್ಲಿ ಮತ್ತೆ ಮೊದಲಿನಿಂದ ಬರೆಸೋ ಅಗತ್ಯ ಇಲ್ಲ. ಯೋಜನೆ ಇಕೋವಾಸ್‌ದು, ತಾಂತ್ರಿಕ ಕೈ ಅಂಕ್ಟಾಡ್‌ದು. ಬಹುಪಾಲು ದೇಶಗಳಲ್ಲಿ ಆಗಲೇ ಅಸಿಕುಡಾ ಇದ್ದದ್ದು ಅನುಕೂಲವಾಯ್ತು. ಸೆನೆಗಲ್ ತನ್ನದೇ ವ್ಯವಸ್ಥೆ ಕಟ್ಟಿಕೊಂಡಿದೆ, ಗೆಂಡೆ ಅಂತ. 1982ರಲ್ಲಿ ಕಾಗದದ ಮೇಲೆ ಬರೆದದ್ದು ತಂತಿಯ ಮೇಲೆ ಬರೋದಕ್ಕೆ ಹತ್ತಿರಹತ್ತಿರ ನಲವತ್ತು ವರ್ಷ ಹಿಡೀತು ನೋಡಿ.

ದುಡ್ಡಿನ ವಿಷಯ ಮಾತಾಡದೆ ಕಾಮರ್ಸ್ ಹುಡುಗನಿಗೆ ನಿದ್ದೆ ಬರಲ್ಲ. ಇಕೋವಾಸ್‌ಗೆ ತನ್ನದೇ ಆದಾಯ ಇದೆ. ಹೊರಗಿನಿಂದ ಬರುವ ಸರಕಿನ ಮೇಲೆ 0.5 ಶೇಕಡಾ ಸಮುದಾಯ ಸುಂಕ. ಆಫ್ರಿಕಾದ ಬೇರೆ ಎಷ್ಟೋ ಒಕ್ಕೂಟಗಳಿಗೆ ಇಷ್ಟೂ ಇಲ್ಲ. ಆದರೆ ವಸೂಲಿ ಮಾಡೋದು ಸದಸ್ಯ ದೇಶ, ಒಕ್ಕೂಟಕ್ಕೆ ಕಟ್ಟಬೇಕಾದದ್ದೂ ಅದೇ ದೇಶ. ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲಿ ಇರೋರಿಗೆ ನಾನು ವಿವರಿಸಬೇಕಾಗಿಲ್ಲ. ಮೇಂಟೆನೆನ್ಸ್ ಬಾಕಿ ಇಟ್ಟವರೇ ಮೀಟಿಂಗಲ್ಲಿ ಜೋರಾಗಿ ಮಾತಾಡ್ತಾರೆ. ಬಾಕಿ ಬೆಳೆದಾಗ ಖಾಲಿ ಜಾಗ ತುಂಬೋದು ದಾನಿಗಳು.

2018ರಲ್ಲಿ ಪಶ್ಚಿಮ ಆಫ್ರಿಕಾದ ವ್ಯಾಪಾರ ಸರಳೀಕರಣಕ್ಕೆ ಅಂತ ಒಂದು ದೊಡ್ಡ ಕಾರ್ಯಕ್ರಮ ಶುರುವಾಯ್ತು. ನಡೆಸಿದ್ದು ವಿಶ್ವಬ್ಯಾಂಕ್ ಸಮೂಹ ಮತ್ತು ಜರ್ಮನಿಯ ಜಿಐಜೆಡ್. ದುಡ್ಡು ಐರೋಪ್ಯ ಒಕ್ಕೂಟ, ಜರ್ಮನಿ, ನೆದರ್‌ಲ್ಯಾಂಡ್ಸ್ ಮತ್ತು ಯುಎಸ್‌ಏಡ್‌ದು. 2025ರಲ್ಲಿ ಅಮೆರಿಕದಲ್ಲಿ ಸರ್ಕಾರ ಬದಲಾಯ್ತು, ಯುಎಸ್‌ಏಡ್ ಅನ್ನೋ ಸಂಸ್ಥೆಯನ್ನೇ ಮುಚ್ಚಿದ್ರು. ವಾಷಿಂಗ್ಟನ್‌ನ ಒಂದು ಸಹಿಗೆ ಪಶ್ಚಿಮ ಆಫ್ರಿಕಾದ ರಸ್ತೆಯ ಕೆಲಸ ಅಲುಗಾಡೋದಾದ್ರೆ, ಆ ಒಪ್ಪಂದದಲ್ಲಿ ಒಕ್ಕೂಟದ ಪಾತ್ರ ಏನು, ಸಹಿ ಹಾಕೋದು ಮಾತ್ರವಾ? ದಾನ ಬೇಡ ಅಂತ ನಾನು ಹೇಳ್ತಿಲ್ಲ. ಸಿಬ್ಬಂದಿ ಸಂಬಳ, ಸರ್ವರ್ ಖರ್ಚು, ರಿಪೇರಿ, ಈ ಮೂರಾದ್ರೂ ಸ್ವಂತ ಕಂತಿನಲ್ಲಿ ನಡೀಬೇಕು ಅನ್ನೋದು ನನ್ನ ಅಭಿಪ್ರಾಯ.

ಈಗ ಕತೆಯ ಕಷ್ಟದ ಭಾಗ.

2023ರ ಜುಲೈ 26. ನೈಜರ್‌ನಲ್ಲಿ ಸೇನೆ ಅಧ್ಯಕ್ಷ ಮೊಹಮ್ಮದ್ ಬಜೂಮ್ ಅವರನ್ನ ಬಂಧಿಸಿ ಅಧಿಕಾರ ಹಿಡೀತು. ನಾಲ್ಕೇ ದಿನದಲ್ಲಿ, ಜುಲೈ 30ಕ್ಕೆ, ಇಕೋವಾಸ್ ನಿರ್ಬಂಧ ಹೇರಿತು. ಗಡಿ ಬಂದ್, ಹಣದ ವಹಿವಾಟು ಬಂದ್. ನೈಜೀರಿಯಾ ವಿದ್ಯುತ್ತನ್ನೂ ಕಡಿತ ಮಾಡ್ತು. ನೈಜರ್‌ಗೆ ಬರೋ ಆಮದಿನ ದೊಡ್ಡ ಪಾಲು ಬೆನಿನ್‌ನ ಕೊಟೊನು ಬಂದರಿನಿಂದ ಬರ್ತಿತ್ತು. ಬೆನಿನ್ ಕಡೆ ಕೊನೆಯ ಊರು ಮಲಾನ್‌ವಿಲ್. ಅದರಾಚೆ ನೈಜರ್ ನದಿ, ಸೇತುವೆ, ಆ ದಡದಲ್ಲಿ ಗಾಯಾ. ಸೇತುವೆ ಮುಚ್ಚಿತು. ಮಲಾನ್‌ವಿಲ್‌ನಲ್ಲಿ ಲಾರಿಗಳ ಸಾಲು ಕಿಲೋಮೀಟರ್‌ಗಟ್ಟಲೆ ಬೆಳೀತು. ಡ್ರೈವರ್‌ಗಳು ವಾರಗಟ್ಟಲೆ ಲಾರಿ ಕೆಳಗೆ ಮಲಗಿದ್ರು. ಕೊಳೆಯೋ ಸರಕು ಕೊಳೀತು.

ಆ ಸಾಲಿನಲ್ಲಿ ಯಾರ ಸರಕೂ ಇತ್ತು ಗೊತ್ತಾ? ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಆಹಾರ. ಹಸಿದವರಿಗೆ ಅಂತ ಬಂದಿದ್ದ ಧಾನ್ಯ, ಬೆನಿನ್ ಮತ್ತು ಟೋಗೊದಲ್ಲಿ ಸಿಕ್ಕಿಹಾಕಿಕೊಳ್ತು. ನಿರ್ಬಂಧದಿಂದ ಮಾನವೀಯ ನೆರವಿಗೆ ವಿನಾಯಿತಿ ಕೊಡಿ ಅಂತ ವಿಶ್ವಸಂಸ್ಥೆ ಕೇಳ್ಕೊಬೇಕಾಯ್ತು. ಎಷ್ಟು ವರ್ಷಗಳಿಂದ ಎಷ್ಟು ಒಪ್ಪಂದ ಇಕೋವಾಸ್ ಜೊತೆ ಮಾಡಿಕೊಂಡಿದ್ದ ವಿಶ್ವಸಂಸ್ಥೆ! ಅದೇ ಇಕೋವಾಸ್ ಹಾಕಿದ ಬೀಗದ ಎದುರು ಅದರ ಲಾರಿಗಳೇ ನಿಂತಿದ್ವು.

ಇಕೋವಾಸ್ ಕೂಡ ಹುಚ್ಚಿಗೆ ಹೀಗೆ ಮಾಡಿದ್ದಲ್ಲ. 2020ರಿಂದ ಮಾಲಿ, ಗಿನಿ, ಬುರ್ಕಿನಾ ಫಾಸೊ, ಆಮೇಲೆ ನೈಜರ್, ಒಂದರ ಹಿಂದೆ ಒಂದು ಸೇನಾಕ್ರಾಂತಿ. ಸುಮ್ಮನಿದ್ರೆ ಮುಂದಿನ ಸರದಿ ಯಾರದೋ ಅನ್ನೋ ಆತಂಕ. ಆದರೆ ನಿರ್ಬಂಧದ ಹೊರೆ ಜನರಲ್‌ಗಳ ಮೇಲೆ ಬೀಳಲಿಲ್ಲ. ಸಂತೆಯಲ್ಲಿ ಅಕ್ಕಿ ಕೊಳ್ಳೋರ ಮೇಲೆ ಬಿತ್ತು, ಮಲಾನ್‌ವಿಲ್‌ನ ಹಮಾಲರ ಮೇಲೆ ಬಿತ್ತು. ಜನ ಸಿಟ್ಟಾದದ್ದು ಒಕ್ಕೂಟದ ಮೇಲೆ. ಅದನ್ನ ಜನರಲ್‌ಗಳು ಚೆನ್ನಾಗಿ ಬಳಸಿಕೊಂಡ್ರು.

2024ರ ಫೆಬ್ರವರಿಯಲ್ಲಿ ನಿರ್ಬಂಧ ತೆಗೆದ್ರು. ಅಷ್ಟರಲ್ಲಿ ಕೈಮೀರಿತ್ತು. ಬೆನಿನ್ ತನ್ನ ಬದಿ ತೆರೆದ್ರೂ ನೈಜರ್ ತನ್ನ ಬದಿ ತೆರೀಲಿಲ್ಲ. ಸರಕು ಟೋಗೊದ ಲೋಮೆ ಬಂದರಿಗೆ ಬಂದು, ಬುರ್ಕಿನಾ ಸುತ್ತಿ, ಉಗ್ರರ ದಾಳಿಯ ಭಯದ ರಸ್ತೆಯಲ್ಲಿ ಸೇನೆಯ ಬೆಂಗಾವಲಿನಲ್ಲಿ ಹೋಗಬೇಕಾಯ್ತು. ಆ ವರ್ಷದ ಜನವರಿ 28ಕ್ಕೇ ಮೂರೂ ದೇಶಗಳು, ನಾವು ಇಕೋವಾಸ್ ಬಿಟ್ಟೆವು, ಈ ಕ್ಷಣದಿಂದಲೇ, ಅಂತ ಘೋಷಿಸಿದ್ದವು. ಇಕೋವಾಸ್ ತನ್ನ ಒಪ್ಪಂದದ 91ನೇ ವಿಧಿ ತೋರಿಸ್ತು: ಒಂದು ವರ್ಷದ ನೋಟಿಸ್ ಬೇಕು. ಹಾಗೆ 2025ರ ಜನವರಿ 29ರಂದು ಅಧಿಕೃತವಾಗಿ ಬೇರೆಯಾದ್ರು. ಹದಿನೈದಿದ್ದದ್ದು ಹನ್ನೆರಡಾಯ್ತು.

ಆದರೆ ಬೇರೆಯಾದ ಮನೆಯಲ್ಲೂ ಬಾವಿ ಒಂದೇ ಇರುತ್ತಲ್ಲ. ಮೂರೂ ದೇಶಗಳು ಇಕೋವಾಸ್ ಬಿಟ್ಟವು, ಉಯೆಮೊವಾ ಬಿಡಲಿಲ್ಲ. ನಾಣ್ಯ ಅದೇ ಸಿಎಫ್‌ಎ ಫ್ರಾಂಕ್. ಕಸ್ಟಮ್ಸ್ ಕಚೇರಿಯ ಪರದೆಯ ಮೇಲೆ ಅದೇ ಸಿಡೋನಿಯಾ. ಗೇರುಬೀಜಕ್ಕೆ ಅದೇ 080131. ಇಕೋವಾಸ್ ಕೂಡ ಬೇರೆಯಾದ ದಿನವೇ ಪ್ರಕಟಣೆ ಹೊರಡಿಸ್ತು: ಮುಂದಿನ ತೀರ್ಮಾನದವರೆಗೂ ಆ ಮೂರು ದೇಶದವರ ಇಕೋವಾಸ್ ಲಾಂಛನದ ಪಾಸ್‌ಪೋರ್ಟ್, ಗುರುತಿನ ಚೀಟಿ ಮಾನ್ಯ ಮಾಡಿ, ಸರಕನ್ನು ಮೊದಲಿನ ವ್ಯಾಪಾರ ನಿಯಮದಂತೆಯೇ ನೋಡಿ ಅಂತ. ಸಿಟ್ಟು ಎಷ್ಟೇ ಇದ್ರೂ ಈರುಳ್ಳಿ, ಜಾನುವಾರು, ಅಕ್ಕಿಯ ಓಡಾಟ ನಿಲ್ಲಿಸಿದ್ರೆ ಎರಡೂ ಕಡೆ ಒಲೆ ಉರಿಯಲ್ಲ ಅಂತ ಅವರಿಗೆ ಗೊತ್ತಿದೆ.

ಆಮೇಲೆ ಮಾರ್ಚ್ ಕೊನೆಯಲ್ಲಿ ಮೂರು ದೇಶಗಳ ಹೊಸ ಕೂಟ ತನ್ನ ಹೊರಗಿನಿಂದ ಬರುವ ಸರಕಿನ ಮೇಲೆ ಒಂದು ಸುಂಕ ಹಾಕ್ತು, ಹೊಸ ಕೂಟದ ಖರ್ಚಿಗೆ ಅಂತ. ದರ ಎಷ್ಟು ಗೊತ್ತಾ? 0.5 ಶೇಕಡಾ! ಬಿಟ್ಟುಬಂದ ಮನೆಯ ದರವನ್ನೇ ಹೊಸ ಮನೆಗೂ ಹಚ್ಚಿದ್ರು. ವ್ಯತ್ಯಾಸ ಒಂದೇ, ಈ ಸಲ ಅದು ಹಳೇ ಅಣ್ತಮ್ಮಂದಿರ ಸರಕಿನ ಮೇಲೂ ಬೀಳುತ್ತೆ. ಮಾನವೀಯ ನೆರವಿಗೆ ಮಾತ್ರ ವಿನಾಯಿತಿ. ಮಲಾನ್‌ವಿಲ್‌ನ ಪಾಠ ಅಷ್ಟರ ಮಟ್ಟಿಗೆ ಯಾರಿಗೋ ನೆನಪಿತ್ತು ಅನ್ನಿ.

ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಇದರಿಂದ ದೊಡ್ಡ ತಲೆನೋವು. ಇಲ್ಲಿವರೆಗೆ ಒಂದು ಒಕ್ಕೂಟದ ಜೊತೆ ಒಂದೇ ಒಪ್ಪಂದ ಮಾಡಿಕೊಂಡು ಹದಿನೈದು ದೇಶ ತಲುಪಬಹುದಿತ್ತು. ಅದೇ ಆ ಫೈಲಿನ ನಿಜವಾದ ಲಾಭ. ಈಗ ಹೊಸ ಕೂಟದ ಜೊತೆ ಬೇರೆ ಸಹಿ ಹಾಕಬೇಕಾ? ಹಾಕಿದ್ರೆ ಸೇನಾ ಸರ್ಕಾರಗಳಿಗೆ ಮಾನ್ಯತೆ ಕೊಟ್ಟಂಗೆ ಅಂತ ಒಬ್ಬರು ಬೈತಾರೆ. ಹಾಕದಿದ್ರೆ ಸಮುದ್ರ ಇಲ್ಲದ ಆ ಮೂರು ದೇಶಗಳ ಜನ ಕೈತಪ್ಪಿ ಹೋಗ್ತಾರೆ. ನನ್ನ ಪ್ರಕಾರ ಕಸ್ಟಮ್ಸ್ ದತ್ತಾಂಶ, ಔಷಧ, ಆಹಾರ ಸಾಗಣೆ, ಈ ವಿಷಯಗಳಿಗೆ ಯಾರ ಜೊತೆ ಬೇಕಾದ್ರೂ ಕೂತು ಮಾತಾಡಬೇಕು. ಅಧ್ಯಕ್ಷರ ಜೊತೆ ಫೋಟೋ ಬೇಡ, ಕಸ್ಟಮ್ಸ್ ನಿರ್ದೇಶಕರ ಜೊತೆ ಕೆಲಸ ಸಾಕು.

ನಾನು ಗಮನ ಇಟ್ಟಿರೋ ಜಾಗ ಒಂದಿದೆ: ಸಿಂಕಾಸೆ. ಟೋಗೊ–ಬುರ್ಕಿನಾ ಗಡಿ. ಅಲ್ಲಿ ಉಯೆಮೊವಾ ಕಟ್ಟಿಸಿದ ಜಂಟಿ ಗಡಿ ಠಾಣೆ ಇದೆ, ಎರಡೂ ದೇಶದ ಅಧಿಕಾರಿಗಳು ಒಂದೇ ಆವರಣದಲ್ಲಿ ಕೂರೋದಕ್ಕೆ ಅಂತಲೇ ಕಟ್ಟಿದ್ದು. ಟೋಗೊ ಇಕೋವಾಸ್ ಒಳಗಿದೆ, ಬುರ್ಕಿನಾ ಹೊರಗಿದೆ, ಇಬ್ಬರೂ ಉಯೆಮೊವಾದಲ್ಲಿದ್ದಾರೆ. ಲೋಮೆಯಲ್ಲಿ ಇಳಿದ ಕಂಟೇನರ್ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದನ್ನ ನೋಡಿದ್ರೆ, ಶೃಂಗಸಭೆಯ ಭಾಷಣಗಳಿಗಿಂತ ಹೆಚ್ಚು ವಿಷಯ ಗೊತ್ತಾಗುತ್ತೆ.

ಮಂಗಳೂರು, ಕಾರ್ಕಳ, ಕುಂದಾಪುರ ಕಡೆಯ ಕೇಳುಗರಲ್ಲಿ ಯಾರಾದ್ರೂ ಗೇರುಬೀಜ ಆಮದಿನ ಕೆಲಸದಲ್ಲಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಬೆನಿನ್ ಬಾಗಿಲು ಹಾಕಿದ ಮೇಲೆ ನಿಮ್ಮ ಚೀಲಗಳು ಯಾವ ಬಂದರಿನಿಂದ ಬರ್ತಿವೆ, ಎಷ್ಟು ದಿನ ತಗೊಳ್ತಿವೆ ಅಂತ ಹೇಳಿ. ಮುಂದಿನ ಎಪಿಸೋಡಲ್ಲಿ ಕೇಳಿಸ್ತೀನಿ.